ಟೈಲರಮ್ಮ ಬಿಟ್ಟದ್ದು

ಬೂದಿ ಬುಧವಾರದ ಸಂಜೆ ಕನ್ನಡಕದಂಗಡಿಯವನು ಎಂದಿನಂತೆ ಎರಡು ಲೋಟ ಚಹಾ ಹಿಡಿದು ರಸ್ತೆ ದಾಟಿ ಬಂದ. ಟೈಲರಮ್ಮ ಹೊಲಿಗೆ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಅವಳ ಹಣೆಯ ಮೇಲಿನ ಬೂದಿಯ ಶಿಲುಬೆ ಇನ್ನೂ ಮಾಸಿರಲಿಲ್ಲ.

"ನಾಳೆಯಿಂದ ಚಹಾ ತರಬೇಡಿ. ಮಾತೂ ಬೇಡ."

"ನಿನ್ನೆ ಕೇಳಿದ್ದಕ್ಕೆ ಇದೇನಾ ಉತ್ತರ?"

ಅವಳು ಪೆಡಲ್ ತುಳಿದಳು. ಅವನು ಎರಡೂ ಲೋಟ ಹಿಡಿದು ವಾಪಸ್ ಹೋದ.

ಹಿಂದಿನ ದಿನ ಅವನು ಮದುವೆಯ ಮಾತೆತ್ತಿದ್ದ. 'ದೇವರನ್ನ ಕೇಳಿ ಹೇಳ್ತೀನಿ' ಎಂದಿದ್ದಳು. ಮರುದಿನ ಬೆಳಿಗ್ಗೆ ಚರ್ಚಿನ ಪ್ರಸಂಗದಲ್ಲಿ ಫಾದರ್ ಎರಡು ಮಾತು ಹೇಳಿದರು: ಇವತ್ತಿನಿಂದ ಈಸ್ಟರ್‌ವರೆಗಿನ ನಲವತ್ತು ದಿನದ ತಪಸ್ಸುಕಾಲದಲ್ಲಿ ಏನಾದರೂ ಬಿಡುವುದಾದರೆ ಪ್ರಿಯವಾದದ್ದನ್ನೇ ಬಿಡಿ, ಉಪವಾಸ ಮಾಡುವಾಗ ಊರಿಗೆಲ್ಲ ಸಾರಬೇಡಿ. ಅವಳಿಗೆ ಪ್ರಿಯವಾದದ್ದು ಆ ಸಂಜೆಯ ಚಹಾ. ನಿಜ ಹೇಳಬೇಕೆಂದರೆ, ಚಹಾ ಅಲ್ಲ. ಈ ಪ್ರೀತಿ ನಿಜವಾದದ್ದಾದರೆ ಈಸ್ಟರ್‌ವರೆಗೆ ಅದನ್ನು ದೇವರೇ ಕಾಯುತ್ತಾನೆ ಎಂದು ನಂಬಿ ಬಾಯಿಗೆ ಬೀಗ ಹಾಕಿಕೊಂಡಳು. ಆ ಪ್ರಸಂಗ ಕೇಳಲು ಅವನು ಚರ್ಚಿನಲ್ಲಿ ಇರಲಿಲ್ಲ. ಕ್ರಿಸ್‌ಮಸ್ಸಿಗೊಮ್ಮೆ ಮುಖ ತೋರಿಸುವ ಗಿರಾಕಿ ಅವನು.

ವಾರಗಳು ಉರುಳಿದವು. ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಅವಳು ಎದುರಂಗಡಿ ನೋಡುವಳು. ಅವನು ಗಾಜು ಒರೆಸುತ್ತಿರುವನು. ಕಣ್ಣು ಕೂಡಿದರೆ ಸಾಕು, ಒರೆಸಿದ್ದನ್ನೇ ಮತ್ತೆ ಒರೆಸುವನು.

ಒಂದು ಮಧ್ಯಾಹ್ನ ಅವಳ ಚಿಕ್ಕಮ್ಮ ರವಿಕೆಗೆ ಗುಂಡಿ ಹಾಕಿಸಲು ಬಂದಳು. "ಎದುರಿನವನು ಅಂಗಡಿ ಖಾಲಿ ಮಾಡ್ತಿದ್ದಾನಂತಲ್ಲೇ? ಅಣ್ಣನ ಊರಿಗೆ ಹೋಗ್ತಾನಂತೆ. ಇಲ್ಲಿ ಯಾರೋ ಮುಖಕ್ಕೆ ಹೊಡೆದ ಹಾಗೆ ಬೇಡ ಅಂದ್ರಂತೆ."

ಸೂಜಿ ಬೆರಳಿಗೆ ಚುಚ್ಚಿತು. ಟೈಲರಮ್ಮ ಎಲ್ಲವನ್ನೂ ಹೇಳಿಬಿಟ್ಟಳು.

ಚಿಕ್ಕಮ್ಮ ಸಮಾಧಾನ ಹೇಳುವ ಜಾತಿಯವಳಲ್ಲ. "ಊರಿಗೆ ಸಾರಬೇಡ ಅಂದ್ರೆ ಅವನಿಗೂ ಹೇಳಬೇಡ ಅಂತಲೇನೇ ಪೆದ್ದಿ? ನಿನ್ನ ಖುಷಿ ಬಿಟ್ಟೆ, ಸರಿ. ಜೊತೆಗೆ ಅವನ ನೆಮ್ಮದೀನೂ ಒಯ್ದು ದೇವರ ಮುಂದೆ ಇಟ್ಟೆಯಲ್ಲ, ಅದು ನಿನ್ನದಾ?"

ಟೈಲರಮ್ಮ ಕುತ್ತಿಗೆಯಲ್ಲಿ ಟೇಪು ನೇತಾಡುತ್ತಿದ್ದ ಹಾಗೆಯೇ ರಸ್ತೆ ದಾಟಿದಳು.

ಅವನು ಫ್ರೇಮುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. "ಏನು ಟೈಲರಮ್ಮ, ದಾರಿ ತಪ್ಪಿ ಬಂದ್ರಾ?"

"ತಪ್ಪು ಮಾಡಿ ಬಂದೆ. ನಾನು ನಿಮ್ಮನ್ನ ಬೇಡ ಅನ್ನಲಿಲ್ಲ. ತಪಸ್ಸುಕಾಲಕ್ಕೆ ಬಿಟ್ಟಿದ್ದೆ."

ಅವನ ಕೈ ನಿಂತಿತು. "ಜನ ಮಾಂಸ ಬಿಡ್ತಾರೆ, ಸಿಗರೇಟು ಬಿಡ್ತಾರೆ. ನಾನೂ ಆ ಸಾಲಿಗೆ ಸೇರಿಬಿಟ್ನಾ?"

"ಅವನ್ನ ಬಿಡೋದು ಸುಲಭ."

ಅವನು ನಗಲಿಲ್ಲ. "ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ. ದೇವರನ್ನ ಅಷ್ಟು ನಂಬಿದ್ರಿ. ನನ್ನನ್ನೂ ಒಂಚೂರು ನಂಬಬಹುದಿತ್ತು."

"ಹೌದು," ಎಂದಳು. ನೆಪ ಹೇಳಲಿಲ್ಲ. "ಕ್ಷಮಿಸಿ. ನೀವು ಕೇಳಿದ್ದಕ್ಕೆ ಉತ್ತರ ಮಾತ್ರ ಅವತ್ತೇ ಗೊತ್ತಿತ್ತು. ಒಪ್ಪಿಗೆ. ಈಗ ಹೋಗೋದು ಬಿಡೋದು ನಿಮ್ಮಿಷ್ಟ."

ಅವನು ಕೈಯಲ್ಲಿದ್ದ ಫ್ರೇಮನ್ನು ಪೆಟ್ಟಿಗೆಗೆ ಹಾಕದೆ ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ, "ಈಸ್ಟರಿಗೆ ಇನ್ನೆಷ್ಟು ದಿನ?"

"ಎರಡು ವಾರ. ಆದರೆ ಬೇಡ, ನಾನು ಇವತ್ತೇ ಮುರೀತೀನಿ..."

"ಮುರೀಬೇಡಿ. ಇಷ್ಟು ದಿನ ಗೊತ್ತಿಲ್ಲದೆ ಉಪವಾಸ ಬಿದ್ದೆ. ಇನ್ನು ಗೊತ್ತಿದ್ದೇ ಮಾಡ್ತೀನಿ, ನಿಮ್ಮ ಜೊತೆ." ಬಾಗಿಲ ಕಡೆ ಕೈ ತೋರಿಸಿದ. "ಹೊರಡಿ. ಮಾತು ಜಾಸ್ತಿ ಆಯ್ತು."

ಅವಳು ಬಂದು ಮಿಷನ್ನಿನ ಮುಂದೆ ಕೂತಳು. ಎದುರಂಗಡಿಯಲ್ಲಿ ಪೆಟ್ಟಿಗೆಯಿಂದ ಒಂದೊಂದೇ ಫ್ರೇಮು ಮತ್ತೆ ಗೋಡೆಗೆ ಏರತೊಡಗಿತು. ಅವನು ಈ ಕಡೆ ಒಮ್ಮೆಯೂ ತಿರುಗಲಿಲ್ಲ. ತಿರುಗದಿರಲು ಅವನು ಪಡುತ್ತಿದ್ದ ಕಷ್ಟ ಮಾತ್ರ ರಸ್ತೆಯ ಈಚೆಗೂ ಕಾಣುತ್ತಿತ್ತು.