ಜಗಳಗಂಟಿ ರಕ್ತ

ಏಪ್ರಿಲ್ 19, ರಾತ್ರಿ ಹನ್ನೊಂದು ನಲವತ್ತು. ಠಾಣೆಯ ಹೊರಗಿನ ಬೆಂಚಿನ ಕಡೆಯಿಂದ ಪ್ಲಾಸ್ಟಿಕ್ ಚೀಲದ ಸರಪರ ಸದ್ದು ಬಂತು. ನಿಂತಿತು. ಮತ್ತೆ ಬಂತು.

ಇನ್ಸ್‌ಪೆಕ್ಟರ್ ಬರೆಯುವ ಕೈ ನಿಲ್ಲಿಸಿದಳು. ಸಣ್ಣ ಸದ್ದಿಗೂ ಕಿವಿ ನಿಮಿರುವ ಸ್ವಭಾವ ಅವಳದು. ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದಮೇಲೂ ವಾಪಸು ಬಂದು ಎಳೆದು ನೋಡುವವಳು.

"ಇಲಿ ಇರಬೇಕು ಮೇಡಂ," ಎಂದರು ಹೆಡ್ ಕಾನ್‌ಸ್ಟೆಬಲ್. ಸ್ಥಳದಲ್ಲಿ ಬಿದ್ದ ಬೆಂಕಿಕಡ್ಡಿಯನ್ನೂ ಅಳೆದು ಬರೆಯುವ ಮನುಷ್ಯ. ಇಡೀ ಠಾಣೆಗೆ ಅವರು ಪಂಚನಾಮೆ ಮಾವ.

"ಇಲಿ ಕೆಮ್ಮಲ್ಲ ಮಾವ. ಹೋಗಿ ನೋಡಿ."

ಬೆಂಚಿನ ಮೇಲಿದ್ದವರು ಅರವತ್ತೈದು ದಾಟಿದ ದರ್ಜಿ. ಅಂಗಡಿ ಮುಚ್ಚಿ ಬಂದು ಒಂದು ಗಂಟೆಯಿಂದ ಅಲ್ಲೇ ಕೂತಿದ್ದರಂತೆ, ಒಳಗೆ ಬರಲು ಧೈರ್ಯ ಸಾಲದೆ. ಮೇಜಿನ ಮುಂದೆ ಕೂತು ಚೀಲದಿಂದ ಒಂದು ಪುಸ್ತಕ ತೆಗೆದರು. ಅಂಗಡಿಯ ಪುಸ್ತಕವಲ್ಲ. ಮಗನ ಮೂರು ವರ್ಷದ ಆಸ್ಪತ್ರೆ ಕಾಗದಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಬೆನ್ನಿಗೆ ದಪ್ಪ ಬಟ್ಟೆ ಕೊಟ್ಟು, ಹೊಲಿಗೆ ಯಂತ್ರದಲ್ಲಿ ಹೊಲಿದಿದ್ದರು.

"ನಾಳೆ ಬೆಳಿಗ್ಗೆ ಎಂಟಕ್ಕೆ ನನ್ನ ಮಗನಿಗೆ ಆಪರೇಷನ್ ಇತ್ತಮ್ಮಾ," ಎಂದರು. "ಅವನ ತಂಗಿ ಕಿಡ್ನಿ ಕೊಡೋದು ಅಂತ. ಎಂಟು ದಿನದ ಹಿಂದೆ ಹೋಗಿಬಿಟ್ಟ. ಮನೇಲಿ ಮಲಗೋಕೆ ಆಗ್ಲಿಲ್ಲ, ಬಂದೆ."

"ದೂರು ಯಾರ ಮೇಲೆ ಯಜಮಾನರೇ?"

"ಅದು ನೀವು ಹೇಳ್ಬೇಕು."

ಎರಡು ಹಾಳೆ ಮಡಿಸಿ ತೋರಿಸಿದರು. ಜನವರಿಯಲ್ಲಿ ದೊಡ್ಡ ಆಸ್ಪತ್ರೆ ಕೊಟ್ಟ ವರದಿ: ತಂಗಿಯ ಮೂತ್ರಪಿಂಡ ಅಣ್ಣನಿಗೆ ಹೊಂದುವುದಿಲ್ಲ. ಏಪ್ರಿಲ್ 2ರಂದು ಇನ್ನೊಂದು ಆಸ್ಪತ್ರೆ ಕೊಟ್ಟ ವರದಿ: ಯಾವ ತೊಡಕೂ ಇಲ್ಲದೆ ಹೊಂದುತ್ತದೆ.

"ಅದೇ ಅಣ್ಣ, ಅದೇ ತಂಗಿ," ಎಂದರು ದರ್ಜಿ. "ಮೂರು ತಿಂಗಳಲ್ಲಿ ರಕ್ತ ಬದಲಾಗುತ್ತಾ? ಮೊದಲೇ ಆಗುತ್ತೆ ಅಂದಿದ್ರೆ ಜನವರಿಯಲ್ಲೇ ಆಪರೇಷನ್. ಹುಡುಗ ಈ ಹೊತ್ತಿಗೆ ಅಂಗಡೀಲಿ ಕತ್ತರಿ ಹಿಡಿದಿರೋನು."

ರಾತ್ರಿ 12.55ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಗೊತ್ತಿಲ್ಲ' ಎಂದು ಬರೆಯಲಾಯಿತು.

ಏಪ್ರಿಲ್ 20, ಬೆಳಿಗ್ಗೆ 10.15. ದೊಡ್ಡ ಆಸ್ಪತ್ರೆಯ ಮೂರನೇ ಮಹಡಿ, ಮೂತ್ರಪಿಂಡ ವಿಭಾಗ. ಕಾರಿಡಾರಿನ ಒಂದು ಬದಿಗೆ ಡಯಾಲಿಸಿಸ್ ವಾರ್ಡು. ಹನ್ನೆರಡು ಹಾಸಿಗೆ, ಹನ್ನೆರಡು ಯಂತ್ರ. ಇನ್ನೊಂದು ಬದಿಗೆ ಪ್ರಯೋಗಾಲಯ. ವಿಭಾಗದ ಮುಖ್ಯಸ್ಥರು ತಾಳ್ಮೆಯಿಂದ ವಿವರಿಸಿದರು. ಕಸಿಗೆ ಮುಂಚೆ ದಾನಿಯ ಜೀವಕೋಶಗಳ ಮೇಲೆ ರೋಗಿಯ ರಕ್ತದಿಂದ ತೆಗೆದ ಸೀರಂ, ಅಂದರೆ ತಿಳಿನೀರು, ಬಿಡುತ್ತಾರೆ. ಜೀವಕೋಶ ಬದುಕಿದರೆ ಕಸಿ ಮಾಡಬಹುದು. ಸತ್ತರೆ, ರೋಗಿಯ ದೇಹ ಆ ಮೂತ್ರಪಿಂಡವನ್ನೂ ಹಾಗೆಯೇ ಕೊಲ್ಲುತ್ತದೆ, ಮಾಡುವ ಹಾಗಿಲ್ಲ.

"ಇಲ್ಲಿ ಸತ್ತಿವೆ," ಎಂದಳು ಇನ್ಸ್‌ಪೆಕ್ಟರ್.

"ಎರಡು ಸಲ. ಸಂಶಯಕ್ಕೆ ಎಡೆ ಬೇಡ ಅಂತ ಹನ್ನೆರಡು ದಿನ ಬಿಟ್ಟು ಹೊಸ ರಕ್ತ ತೆಗೆದು ಮತ್ತೆ ಮಾಡಿದೀವಿ. ಜನವರಿ 9, ಜನವರಿ 21."

"ರಕ್ತ ತೆಗೆದವರು ಯಾರು?"

ಮುಖ್ಯಸ್ಥರು ರಿಜಿಸ್ಟರ್ ತಿರುಗಿಸಿದರು. ಎರಡು ತಾರೀಕಿನ ಮುಂದೂ ಒಂದೇ ಸಹಿ. ವಿಭಾಗದಲ್ಲಿ ವಿಶೇಷ ತರಬೇತಿ ಪಡೆಯುತ್ತಿದ್ದ, ಮೂರನೇ ವರ್ಷದ ವೈದ್ಯೆ. "ನಮ್ಮಲ್ಲಿ ಕಲಿತವರಲ್ಲಿ ಅತ್ಯುತ್ತಮ," ಎಂದು ಸೇರಿಸಿದರು, ಕೇಳದಿದ್ದರೂ.

ಪ್ರಯೋಗಾಲಯದ ತಂತ್ರಜ್ಞ ಬೆವರುತ್ತಿದ್ದ. ಏನು ಹೆಚ್ಚುಕಮ್ಮಿಯಾದರೂ ಮೊದಲು ತನ್ನ ಕೊರಳಿಗೇ ಬರುತ್ತದೆಂದು ಬಲ್ಲವನು.

"ಕೊಳವೆ ಅದಲುಬದಲಾಗಿರಬಹುದಾ?"

"ನಾನು ಕೊಟ್ಟಿದ್ದನ್ನ ಪರೀಕ್ಷೆ ಮಾಡೋನು ಮೇಡಂ. ಹಾಲು ಕಾಯಿಸೋದು ನನ್ನ ಕೆಲಸ. ಅದು ಯಾವ ಹಸು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಉಳಿದ ತಿಳಿ ಏನ್ಮಾಡ್ತೀರಿ?"

"ಒಂದು ವರ್ಷ ಎಸೆಯೋ ಹಾಗಿಲ್ಲ. ಫ್ರೀಜರಲ್ಲಿದೆ. ಸೊನ್ನೆಗಿಂತ ಎಂಬತ್ತು ಡಿಗ್ರಿ ಕೆಳಗೆ."

ಮಧ್ಯಾಹ್ನ 1.30ಕ್ಕೆ ಪಂಚನಾಮೆ. ಇಬ್ಬರು ಪಂಚರು: ಆಸ್ಪತ್ರೆಯ ಲಿಫ್ಟ್ ನಡೆಸುವವನು, ಎದುರಿನ ಝೆರಾಕ್ಸ್ ಅಂಗಡಿಯವಳು. ಫ್ರೀಜರಿನ ಬಾಗಿಲು ತೆಗೆದೊಡನೆ ಬಿಳಿ ಹೊಗೆ ಹೊರಬಂದು ಪಂಚನಾಮೆ ಮಾವನ ಕನ್ನಡಕ ಮಂಜಾಯಿತು. ಕಿರುಬೆರಳುದ್ದದ ಪ್ಲಾಸ್ಟಿಕ್ ನಳಿಕೆ ಎರಡು, ನೀಲಿ ಮುಚ್ಚಳ, ಮೇಲೆ ರೋಗಿಯ ಸಂಖ್ಯೆ, ತಾರೀಕು.

"ಮೂವತ್ತೊಂದು ವರ್ಷದ ಸರ್ವಿಸಲ್ಲಿ ಚಾಕು ಜಪ್ತಿ ಮಾಡಿದೀನಿ, ಎಮ್ಮೆ ಜಪ್ತಿ ಮಾಡಿದೀನಿ," ಎಂದು ಗೊಣಗಿದರು. "ಐಸ್‌ಕ್ಯಾಂಡಿ ಇದೇ ಮೊದಲು." ಯಾರೂ ನಗಲಿಲ್ಲ. ಝೆರಾಕ್ಸ್ ಅಂಗಡಿಯವಳು ಮಾತ್ರ ಬಾಯಿಗೆ ಸೆರಗು ಹಿಡಿದಳು.

ಏಪ್ರಿಲ್ 23ರ ಸಂಜೆ ಮುಖ್ಯಸ್ಥರಿಂದ ಫೋನ್ ಬಂತು. ಧ್ವನಿ ಕುಗ್ಗಿತ್ತು. ಪೊಲೀಸರ ಎದುರೇ ಜಪ್ತಿಯಾದ ನಳಿಕೆಯಿಂದ ಒಂದೆರಡು ಹನಿ ತಿಳಿ ತೆಗೆದು ಅದರ ಕ್ರಿಯಾಟಿನಿನ್ ಅಳೆದಿದ್ದರು. ಕೆಟ್ಟ ಮೂತ್ರಪಿಂಡ ಹೊರಹಾಕಲಾರದೆ ರಕ್ತದಲ್ಲಿ ಉಳಿಸುವ ಕಸ ಅದು. ದರ್ಜಿಯ ಹೊಲಿದ ಪುಸ್ತಕದ ಪ್ರಕಾರ ಜನವರಿ 9ರಂದು ಮಗನಿಗೆ ಅದು ಹನ್ನೊಂದು ಇತ್ತು. ನಳಿಕೆಯಲ್ಲಿ ಇದ್ದದ್ದು ಸೊನ್ನೆ ಪಾಯಿಂಟ್ ಏಳು.

"ಅಂದ್ರೆ?"

"ಆರೋಗ್ಯವಂತರ ರಕ್ತ. ರೋಗಿಯದ್ದಲ್ಲ."

ಮರುದಿನ ಬೆಳಿಗ್ಗೆ 9.40. ತಂತ್ರಜ್ಞನನ್ನು ಮತ್ತೆ ಕೂರಿಸಿಕೊಂಡಳು.

"ಯಾರ ರಕ್ತ ಹಾಕಿದ್ರೂ ಹೀಗೆ ಜೀವಕೋಶ ಸಾಯುತ್ತಾ?"

"ಇಲ್ಲ ಮೇಡಂ. ಹಿಂದೆ ಬೇರೆಯವರ ರಕ್ತ ತಗೊಂಡಿರ್ಬೇಕು, ಇಲ್ಲಾ ಗರ್ಭಿಣಿ ಆಗಿರ್ಬೇಕು. ಆಗ ಕೆಲವರ ರಕ್ತ ಪರರನ್ನ ಕಂಡ್ರೆ ಕೆರಳುತ್ತೆ. ಎಲ್ಲರನ್ನೂ ಕೊಲ್ಲೋ ರಕ್ತ ಸಾವಿರಕ್ಕೊಂದು ಸಿಕ್ಕೀತು. ನಮ್ಮ ಜಗಳಗಂಟಿ ಥರ..." ಅಷ್ಟರಲ್ಲೇ ಬಾಯಿ ಮುಚ್ಚಿದ.

"ಯಾರದು ಜಗಳಗಂಟಿ?"

ಅವನು ನೆಲ ನೋಡಿದ. ಪಂಚನಾಮೆ ಮಾವ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ಹೇಳಿದ. ಕಲಿಯಲು ಬರುವ ವೈದ್ಯರೆಲ್ಲ ಈ ಪರೀಕ್ಷೆಯನ್ನು ತಮ್ಮತಮ್ಮ ರಕ್ತದಲ್ಲೇ ಕಲಿಯುತ್ತಾರೆ. ಮೊದಲ ವರ್ಷ ಒಬ್ಬಳ ತಿಳಿ ಯಾರ ಜೀವಕೋಶದ ಮೇಲೆ ಬಿಟ್ಟರೂ ಎಲ್ಲವೂ ಸತ್ತವು. ನಕ್ಕು ಹೆಸರಿಟ್ಟರು. ಆಕೆಯೂ ನಕ್ಕಿದ್ದಳು. ಎರಡು ಬಸಿರು ಅರ್ಧಕ್ಕೇ ಹೋದದ್ದು, ಎರಡನೆಯದರಲ್ಲಿ ಹತ್ತು ಬಾಟಲಿ ರಕ್ತ ಕೊಟ್ಟು ಆಕೆಯನ್ನು ಉಳಿಸಿದ್ದು ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಹೆಸರು ಅಂಟಿಬಿಟ್ಟಿತ್ತು.

ನ್ಯಾಯಾಲಯದ ಅನುಮತಿ ಪಡೆದು ತರಬೇತಿ ವೈದ್ಯೆಯ ರಕ್ತದ ಮಾದರಿ ತೆಗೆದರು. ಮೇ 14ರಂದು ಡಿಎನ್‌ಎ ವರದಿ ಬಂತು. ಎರಡು ನಳಿಕೆಯಲ್ಲಿದ್ದದ್ದೂ ಆಕೆಯ ರಕ್ತವೇ.

ಅಂದು ಮಧ್ಯಾಹ್ನ 3.05ಕ್ಕೆ ಡಯಾಲಿಸಿಸ್ ವಾರ್ಡಿನಲ್ಲಿ ಬಂಧನ. ವೈದ್ಯೆ ಒಬ್ಬ ಮುದುಕನ ತೋಳಿನ ನರಕ್ಕೆ ಸೂಜಿ ಚುಚ್ಚುತ್ತಿದ್ದಳು. "ಇವರದ್ದು ಮುಗಿಸಿ ಬರ್ತೀನಿ, ಇವರ ನರ ಸುಲಭಕ್ಕೆ ಸಿಗಲ್ಲ," ಎಂದಳು. ಇನ್ಸ್‌ಪೆಕ್ಟರ್ ಬಾಗಿಲಲ್ಲಿ ಕಾದಳು. ಯಂತ್ರದೊಳಗೆ ರಕ್ತ ಹರಿಯತೊಡಗಿದ ಮೇಲೆ ವೈದ್ಯೆ ಕೈ ತೊಳೆದು ಬಂದಳು.

ಠಾಣೆಯಲ್ಲಿ ವಿಚಾರಣೆ 4.20ಕ್ಕೆ ಶುರುವಾಯಿತು.

"ಕೊಳವೆಗೆ ನಿಮ್ಮ ರಕ್ತ ತುಂಬಿದ್ದು ನೀವೇನಾ?"

"ಹೌದು."

"ಎರಡು ಸಲವೂ?"

"ಹೌದು."

"ಯಾರಾದ್ರೂ ದುಡ್ಡು ಕೊಟ್ರಾ?"

"ಇಲ್ಲ."

"ಹೆದರಿಸಿದ್ರಾ?"

"ಇಲ್ಲ."

"ಕ್ರಿಯಾಟಿನಿನ್‌ನಿಂದ ಸಿಕ್ಕಿಬೀಳ್ತೀರಿ ಅಂತ ಹೊಳೀಲಿಲ್ವಾ? ನಿಮ್ಮ ಕಸುಬೇ ಅದು."

ವೈದ್ಯೆ ಮೊದಲ ಬಾರಿಗೆ ತಲೆಯೆತ್ತಿದಳು. "ದಿನಕ್ಕೆ ನಲವತ್ತು ಜನರದ್ದು ನೋಡ್ತೀನಿ. ನನ್ನದು ಎಷ್ಟಿದೆ ಅಂತ ಒಂದು ದಿನವೂ ಯೋಚನೆ ಮಾಡಿರ್ಲಿಲ್ಲ."

"ಯಾಕೆ ಮಾಡಿದ್ರಿ?"

ಇನ್ಸ್‌ಪೆಕ್ಟರ್ ಇದನ್ನು ಮೂರು ಸಲ ಕೇಳಿದಳು. ಪಂಚನಾಮೆ ಮಾವ ಚಹಾ ತರುವ ನೆಪ ಮಾಡಿ ಎದ್ದು ಹೋದರು. ಆಗ ವೈದ್ಯೆ ಬರೆಯುವ ಹಾಳೆಯನ್ನೇ ನೋಡುತ್ತಾ ಕೇಳಿದಳು, "ಇದನ್ನ ಮನೆಯವರು ಓದ್ತಾರಾ?"

"ದೋಷಾರೋಪ ಪಟ್ಟಿಯ ಪ್ರತಿ ದೂರುದಾರರಿಗೆ ಸಿಗುತ್ತೆ."

"ಹಾಗಾದ್ರೆ ಪೆನ್ನು ಕೆಳಗಿಡಿ."

ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದಳು. ವೈದ್ಯೆ ಹೇಳತೊಡಗಿದಳು.

ಕಿಡ್ನಿ ಕೊಡುವವರನ್ನು ಮನೆಯವರಿಂದ ಬೇರೆ ಕೂರಿಸಿ, ಬಾಗಿಲು ಹಾಕಿ, ನಿಮಗೆ ಮನಸ್ಸಿದೆಯೇ ಎಂದು ಕೇಳುವುದು ನಿಯಮ. ತರಬೇತಿಯ ಮೊದಲ ವರ್ಷ ಗಂಡನಿಗೆ ಕೊಡಲು ಬಂದ ಒಬ್ಬ ಹೆಂಗಸು ಹೂಂ ಹೂಂ ಎಂದು ತಲೆಯಾಡಿಸಿ, ಎದ್ದು ಹೋಗುವಾಗ ಬಾಗಿಲ ಹತ್ತಿರ ನಿಂತು ಕೇಳಿದ್ದಳು: "ಮ್ಯಾಚ್ ಆಗದೇ ಇರಬಹುದಾ ಮೇಡಂ?" ವೈದ್ಯೆ ವಾಪಸು ಕೂರಿಸಿದಳು. ಹೆಂಗಸು ಅತ್ತಳು. ನನಗೆ ಇಷ್ಟವಿಲ್ಲ, ಹೇಳಿದರೆ ಮನೆಯಲ್ಲಿ ಉಳಿಗಾಲವಿಲ್ಲ ಎಂದಳು. ವೈದ್ಯೆ ಕಲಿತ ಹಾಗೆ ಫೈಲಿನಲ್ಲಿ ಎರಡು ಸಾಲು ಬರೆದಿಟ್ಟಳು. ಫೈಲು ಯಾರದೋ ಅಜಾಗ್ರತೆಯಿಂದ ಮನೆಯವರ ಕೈಗೆ ಸಿಕ್ಕಿತು. ಹದಿನೈದನೆಯ ದಿನ ಆ ಹೆಂಗಸನ್ನು ಕೆರೆಯಿಂದ ತೆಗೆದರು.

"ಈ ಜನವರೀಲಿ ದರ್ಜಿಯ ಮಗಳು ಅದೇ ಕುರ್ಚೀಲಿ ಕೂತಿದ್ಲು," ಎಂದಳು ವೈದ್ಯೆ. "ಹೂಂ ಅಂದ್ಲು. ಎದ್ದು ಹೋಗ್ತಾ ಬಾಗಿಲಲ್ಲಿ ನಿಂತು ಅದೇ ಕೇಳಿದ್ಲು. ಅಕ್ಷರಾನೂ ಬದಲಿಲ್ಲ. ಮ್ಯಾಚ್ ಆಗದೇ ಇರಬಹುದಾ ಮೇಡಂ."

"ಮತ್ತೆ ಕೂರಿಸಿ ಕೇಳ್ಲಿಲ್ವಾ?"

"ಕೇಳಿದ್ರೆ ಹೇಳ್ತಾಳೆ. ಹೇಳಿದ್ರೆ ಬರೀಬೇಕು. ಇನ್ನೊಂದ್ಸಲ ಬರೆಯೋ ಶಕ್ತಿ ನನಗಿರ್ಲಿಲ್ಲ." ಮುಚ್ಚಳ ಹಾಕಿದ ಪೆನ್ನನ್ನು ಇನ್ನಷ್ಟು ದೂರ ಸರಿಸಿದಳು. "ಬಾಯಿಮಾತಲ್ಲಿ ಆಗಲ್ಲ ಅನ್ನಬಹುದಿತ್ತು. ಆದ್ರೆ ಆ ಅಪ್ಪ ಪ್ರತಿ ಕಾಗದ ಕೇಳಿ ತಗೊಂಡು ಹೊಲಿದಿಡ್ತಿದ್ರು. ಕಾಗದ ಬೇಕಿತ್ತು. ಹುಡುಗ ಮೃತ ದಾನಿಗಳ ಕಿಡ್ನಿಗೆ ಕಾಯೋ ಪಟ್ಟೀಲಿ ನಾಲ್ಕನೆಯವನಿದ್ದ. ಆರು ತಿಂಗಳು ಕಾಪಾಡಬಲ್ಲೆ ಅಂದ್ಕೊಂಡೆ. ಅವನ ಒಂದು ಡಯಾಲಿಸಿಸ್ಸನ್ನೂ ನಾನು ಬೇರೆಯವರ ಕೈಗೆ ಬಿಡ್ಲಿಲ್ಲ. ಏಪ್ರಿಲ್ ಹನ್ನೊಂದು ಭಾನುವಾರ, ಅವನಿಗೆ ಡಯಾಲಿಸಿಸ್ ಇಲ್ಲದ ದಿನ. ಮನೇಲಿದ್ದಾಗಲೇ ಪೊಟ್ಯಾಸಿಯಂ ಏರಿ ಹೃದಯ ನಿಂತಿತ್ತು."

"ಇಷ್ಟನ್ನ ನ್ಯಾಯಾಲಯಕ್ಕೆ ಹೇಳಿದ್ರೆ ಶಿಕ್ಷೆ ಕಡಿಮೆ ಆಗಬಹುದು."

"ಆ ಹುಡುಗಿ ಅಪ್ಪನ ಜೊತೇಲಿ ಅದೇ ಮನೇಲಿರ್ಬೇಕಲ್ಲ. ಅಣ್ಣನನ್ನ ಕೊಂದವಳು ಅನ್ನಿಸ್ಕೊಂಡು ಹೇಗಿರ್ತಾಳೆ? ಒಬ್ಬಳು ಹೋಗಿದ್ದು ಸಾಕು. ನಾನು ಏನೂ ಹೇಳಿಲ್ಲ ಅಂತ ಬರ್ಕೊಳ್ಳಿ. ಒಬ್ಬಳನ್ನಾದ್ರೂ ಉಳಿಸಿದೆ ಅಂತ ಇದ್ಬಿಡ್ತೀನಿ."

ಚಹಾ ಬಂತು. ವೈದ್ಯೆ ಲೋಟ ಹಿಡಿದಳು, ಕುಡಿಯಲಿಲ್ಲ.

ಮೇ 16, ಬೆಳಿಗ್ಗೆ 11.00. ದರ್ಜಿಯ ಮನೆ. ದಾನಿಯ ಪೂರಕ ಹೇಳಿಕೆ ಪಡೆಯದೆ ಕಡತ ಮುಗಿಯುವಂತಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಒಂದು ಕೋಣೆ, ಅಡಿಗೆಮನೆ. ದರ್ಜಿ ಮುಂದೆ ಅಳತೆ ತೆಗೆಯುತ್ತಿದ್ದರು. ಇಪ್ಪತ್ನಾಲ್ಕರ ಮಗಳು ಅಣ್ಣನ ಅಂಗಿಗಳ ಗುಂಡಿ ಬಿಡಿಸಿ ಡಬ್ಬಿಗೆ ಹಾಕುತ್ತಿದ್ದಳು.

ಇನ್ಸ್‌ಪೆಕ್ಟರ್ ಪದಗಳನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿಕೊಂಡಳು. "ಕಿಡ್ನಿ ಕೊಡೋ ವಿಷಯದಲ್ಲಿ ಯಾರಾದ್ರೂ ನಿನ್ನನ್ನ ಒತ್ತಾಯ ಮಾಡಿದ್ರಾ?"

"ಒತ್ತಾಯ? ಅಣ್ಣನೇ ಬೇಡ ಅಂದಿದ್ದ. ನಿನ್ನ ಮದುವೆ ಆಗ್ಬೇಕು, ಸುಮ್ನಿರು ಅಂತ. ನಾನೇ ಜಗಳ ಮಾಡಿ ಒಪ್ಪಿಸಿದೆ ಅಕ್ಕಾ." ಪೊಲೀಸಿನವಳನ್ನು ಅಕ್ಕಾ ಎಂದದ್ದು ಅವಳಿಗೇ ತಿಳಿಯಲಿಲ್ಲ.

"ಭಯ ಇರ್ಲಿಲ್ವಾ?"

"ಒಂದೇ ಭಯ. ಎಲ್ಲಿ ಆಗಲ್ಲ ಅಂದುಬಿಡ್ತಾರೋ ಅಂತ. ಆ ಡಾಕ್ಟರಮ್ಮನ ಹತ್ರ ಮಾತು ಮುಗಿದು ಬಾಗಿಲ ತನಕ ಬಂದೋಳು, ತಡೀಲಾರದೆ ತಿರುಗಿ ಕೇಳೇಬಿಟ್ಟೆ. ಮ್ಯಾಚ್ ಆಗದೇ ಇರಬಹುದಾ ಮೇಡಂ ಅಂತ. ಅವರು ನನ್ನ ಭುಜ ಹಿಡಿದು, ನೀನೇನೂ ಚಿಂತೆ ಮಾಡ್ಬೇಡ, ನಾನು ನೋಡ್ಕೋತೀನಿ ಅಂದ್ರು. ಆ ಮಾತು ಕೇಳಿ ಅವತ್ತು ಹೊಟ್ಟೆ ತುಂಬ ಊಟ ಮಾಡಿದ್ದೆ."

ಇನ್ಸ್‌ಪೆಕ್ಟರ್ ಕೈ ಹಾಳೆಯ ಮೇಲೆ ನಿಂತಿತು. ಮುಂದಿನ ಅಂಗಡಿಯಲ್ಲಿ ದರ್ಜಿ ಯಾರದೋ ತೋಳಿನ ಅಳತೆಯನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು.

"ಅಷ್ಟು ಒಳ್ಳೆಯವರು ಯಾಕೆ ಹೀಗೆ ಮಾಡಿದ್ರಂತೆ?" ಹುಡುಗಿ ಕೇಳಿದಳು. "ಏನಾದ್ರೂ ಹೇಳಿದ್ರಾ ಅಕ್ಕಾ?"

"ಇಲ್ಲಮ್ಮ. ಏನೂ ಹೇಳಿಲ್ಲ."

ಹುಡುಗಿ ತಲೆಯಾಡಿಸಿ ಮುಂದಿನ ಅಂಗಿ ಎತ್ತಿಕೊಂಡಳು. ಇನ್ಸ್‌ಪೆಕ್ಟರ್ 'ದಾನಿಗೆ ಪೂರ್ಣ ಒಪ್ಪಿಗೆ ಇತ್ತು' ಎಂದು ಒಂದೇ ಸಾಲು ಬರೆದು ಸಹಿ ಹಾಕಿಸಿಕೊಂಡಳು. ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯನ್ನು ಬರೆಯಲಿಲ್ಲ.

ಜೀಪಿನಲ್ಲಿ ಪಂಚನಾಮೆ ಮಾವ ಕಾಯುತ್ತಿದ್ದರು. "ಉದ್ದೇಶದ ಕಾಲಂ ಖಾಲಿ ಇದೆ ಮೇಡಂ. ಆ ಡಾಕ್ಟರಮ್ಮ ನಾನು ಹೊರಗೆ ಹೋದಾಗ ಏನಾದ್ರೂ ಬಾಯಿಬಿಟ್ರಾ? ಈ ಹುಡುಗಿ ಏನಾದ್ರೂ ಅಂದ್ಲಾ?"

ಬೀಗವನ್ನು ಎರಡು ಸಲ ಎಳೆದು ನೋಡುವ ಹೆಂಗಸು ಅವಳು. ಏನನ್ನೂ ಬರೆಯದೆ ಬಿಟ್ಟು ರೂಢಿಯಿರಲಿಲ್ಲ. ಈ ಹುಡುಗಿಗೆ ಹೇಳಿದರೆ ತನ್ನದೇ ಮಾತು ಅಣ್ಣನನ್ನು ತಿಂದಿತೆಂದು ಕೊರಗುತ್ತಾಳೆ. ಜೈಲಿನಲ್ಲಿರುವ ಆಕೆಗೆ ಹೇಳಿದರೆ, ಒಬ್ಬಳನ್ನಾದರೂ ಉಳಿಸಿದೆನೆಂಬ ಕಡೆಯ ಆಸರೆಯೂ ಹೋಗುತ್ತದೆ. ಎರಡು ಮಾತನ್ನೂ ಕೇಳಿದವಳು ಲೋಕದಲ್ಲಿ ಒಬ್ಬಳೇ.

"ಆರೋಪಿ ಉದ್ದೇಶ ತಿಳಿಸಲು ನಿರಾಕರಿಸಿದ್ದಾರೆ ಅಂತ ಬರೀರಿ," ಎಂದಳು.

"ಅಷ್ಟೇನಾ?"

"ಅಷ್ಟೇ ಮಾವ. ಗಾಡಿ ತೆಗೀರಿ."