ಬೆಕ್ಕು ಬಿಚ್ಚಿದ ತೋಳು

ಸಾಹುಕಾರನ ಉಗುರು ಡಾಕ್ಟರ ಸ್ವೆಟರಿಗೆ ಸಿಕ್ಕಿಕೊಂಡಿದ್ದೇ ಎಲ್ಲದಕ್ಕೂ ಶುರು.

ಸಾಹುಕಾರ ಅಂದರೆ ಮನುಷ್ಯನಲ್ಲ, ಆರು ಕೆಜಿ ತೂಗುವ ಬೂದು ಬಣ್ಣದ ಗಂಡು ಬೆಕ್ಕು. ಇಂಜೆಕ್ಷನ್ ಸೂಜಿ ಕಂಡಿದ್ದೇ ತಡ, ಮೇಜಿನಿಂದ ಒಂದೇ ನೆಗೆತಕ್ಕೆ ಡಾಕ್ಟರ ಎದೆ ಹತ್ತಿ ಕೂತುಬಿಟ್ಟ. ಅವನನ್ನು ಬಿಡಿಸಿ ಕೆಳಗಿಳಿಸುವಷ್ಟರಲ್ಲಿ ಸ್ವೆಟರಿನ ನಾಲ್ಕೈದು ಎಳೆ ಹೊರಗೆ ಬಂದು ಜೋತುಬಿದ್ದಿದ್ದವು.

ಬೆಕ್ಕು ತಂದವಳು ತಪ್ಪಾಯ್ತು ಅನ್ನಬೇಕಿತ್ತು. ಆದರೆ ಅವಳ ಕಣ್ಣು ಎಳೆ ಕಿತ್ತ ಕಡೆ ಇರಲೇ ಇಲ್ಲ. ಡಾಕ್ಟರ ಭುಜದಿಂದ ಜಾರಿ ತೋಳಿನ ಅರ್ಧಕ್ಕೆ ಬಂದು ನಿಂತಿದ್ದ ಹೊಲಿಗೆಯನ್ನೇ ನೋಡುತ್ತಿದ್ದಳು.

"ಇದನ್ನ ಯಾರು ತಂದುಕೊಟ್ಟಿದ್ದು ನಿಮಗೆ?"

"ನಮ್ಮಕ್ಕ."

"ಇದರೊಳಗೆ ಇನ್ನೊಬ್ಬ ಡಾಕ್ಟರು ಬಾಡಿಗೆಗೆ ಇರಬಹುದು."

ಪಕ್ಕದಲ್ಲಿದ್ದ ಕಾಂಪೌಂಡರು ಕಿಸಕ್ಕನೆ ನಕ್ಕುಬಿಟ್ಟ. ಡಾಕ್ಟರ ಕಿವಿ ಕೆಂಪಾಯಿತು. "ಬೆಳೀತೀಯಲ್ಲ ಅಂತ ಯಾವಾಗ್ಲೂ ಒಂದು ಸೈಜ್ ದೊಡ್ಡದು ತರ್ತಾಳೆ," ಅಂದರು.

"ನಿಮಗೀಗ ವಯಸ್ಸೆಷ್ಟು?"

"ನಲವತ್ತೊಂದು."

ಆಗ ಮೂವರೂ ನಕ್ಕರು. ಅವಳು ಬೆಕ್ಕನ್ನು ಚೀಲಕ್ಕೆ ತುರುಕುತ್ತ, "ನಮ್ಮ ಬೆಕ್ಕು ಮಾಡಿದ ಕೆಲಸ, ನಾನೇ ಒಂದು ಹೆಣೆದು ಕೊಡ್ತೀನಿ. ಭಾನುವಾರ ಮನೆಗೆ ಬಂದು ಅಳತೆ ಕೊಡಿ," ಅಂದಳು.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಉಲ್ಲನ್ ಅಕ್ಕ ಅಂತ. ಮೂವತ್ತಾರು ವಯಸ್ಸು. ಸ್ವೆಟರ್ ಹೆಣೆಯೋದೇ ಅವಳ ಜೀವನ. ಮುಂದಿನ ಕೋಣೆಯ ಕಿಟಕಿ ಪಕ್ಕ ಅವಳ ಕುರ್ಚಿ, ಕುರ್ಚಿ ಸುತ್ತ ಬುಟ್ಟಿ ಬುಟ್ಟಿ ಉಲ್ಲನ್ ಉಂಡೆಗಳು. ಆ ಉಂಡೆಗಳ ನಡುವೆಯೇ ಸಾಹುಕಾರನೂ, ಕಿಲಾಡಿ ಅನ್ನೋ ಬಿಳೀ ಹೆಣ್ಣು ಬೆಕ್ಕೂ ಬೆಳೆದದ್ದು. ಮಿಠಾಯಿ ಅಂಗಡಿಯವನಿಗೆ ಮಿಠಾಯಿ ಬೇಡವಾಗುತ್ತಲ್ಲ, ಹಾಗೆ ಈ ಎರಡಕ್ಕೂ ಉಲ್ಲನ್ ಅಂದರೆ ಬೇಸರ. ಅದರ ಮೇಲೆ ಮಲಗುತ್ತಿದ್ದವು, ಅಷ್ಟೇ. ಎಂಟು ವರ್ಷದಲ್ಲಿ ಒಂದೇ ಒಂದು ಎಳೆಗೆ ಉಗುರು ಹಾಕಿದವಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಒಳಗಿನ ಕೋಣೆಯಲ್ಲಿ ಚಿಕ್ಕಮ್ಮ. ಅಮ್ಮ ಹೋದಮೇಲೆ ಇವಳನ್ನು ಸಾಕಿದವಳು. ಮಂಡಿ ನೋವು ಅಂತ ಎದ್ದು ಓಡಾಡುವುದು ಕಮ್ಮಿ. ನಾಲಿಗೆಗೆ ಮಾತ್ರ ಯಾವ ನೋವೂ ಇರಲಿಲ್ಲ.

ಭಾನುವಾರ ಡಾಕ್ಟರು ಬಂದರು. ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ಅವಳು ಟೇಪು ಹಿಡಿದು ಎದುರು ನಿಂತಳು.

"ಉಸಿರು ಬಿಡಿ."

"ಬಿಟ್ಟಿದೀನಲ್ಲ."

"ಎಲ್ಲಿ ಬಿಟ್ಟಿದೀರಿ? ಎದೆ ಉಬ್ಬಿಸಿಕೊಂಡು ನಿಂತಿದೀರಿ. ಈ ಅಳತೆಗೆ ಹೆಣೆದರೆ ಆಮೇಲೆ ದಿನಾ ಹೀಗೇ ನಿಂತಿರಬೇಕಾಗುತ್ತೆ."

ಅವರು ಉಸಿರು ಬಿಟ್ಟರು. ಎದೆ ಮೂವತ್ತೆಂಟು. ಸೊಂಟ ಮೂವತ್ಮೂರು. ಎಡ ತೋಳಿಗಿಂತ ಬಲ ತೋಳು ಅರ್ಧ ಇಂಚು ಉದ್ದ. ಮಣಿಕಟ್ಟಿನ ಸುತ್ತ ಟೇಪು ತರುವಾಗ ಅವಳ ಬೆರಳಿಗೆ ಅವರ ನಾಡಿ ತಾಗಿತು, ಓಡುತ್ತಿತ್ತು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಅವಳ ಮುಖವೂ ಕಾಣಿಸಿಬಿಡುತ್ತಿತ್ತು.

"ಬಣ್ಣ ಯಾವುದು?"

"ಸಾಹುಕಾರನ ಬಣ್ಣದ್ದೇ ಇರಲಿ. ಕೂದಲು ಮೆತ್ತಿಕೊಂಡರೂ ಕಾಣಲ್ಲ."

"ಇದು ಅಂಗಡಿ ಮಾಲಲ್ಲ ಡಾಕ್ಟ್ರೇ, ಮೈಗೆ ಅಳೆದು ಹೆಣೆಯೋದು. ಆಗಾಗ ಬಂದು ಹಾಕಿ ನೋಡಬೇಕು."

"ಎಷ್ಟು ಸಲ ಬೇಕಾದ್ರೂ ಬರ್ತೀನಿ," ಅಂದರು. ಅಂದವರು ತಕ್ಷಣ ಕಿಲಾಡಿಯ ಕಿವಿ ಪರೀಕ್ಷೆ ಮಾಡತೊಡಗಿದರು. ಪಾಪ, ಅದರ ಕಿವಿಗೆ ಏನೂ ಆಗಿರಲಿಲ್ಲ.

ಹಾಗೆ ಭಾನುವಾರಗಳು ಬಂದವು. ಮಧ್ಯಾಹ್ನ ಕ್ಲಿನಿಕ್ ಮುಚ್ಚಿ ನೇರ ಇಲ್ಲಿಗೆ. ಬೆನ್ನಿನ ಭಾಗ ಆಯಿತು, ಎದೆಯ ಭಾಗ ಆಯಿತು, ಎರಡನ್ನೂ ಕೂಡಿಸಿದ್ದಾಯಿತು. ಅವಳು ಹಾಕಿಸಿ ನೋಡುತ್ತಿದ್ದಳು, ಕಂಕುಳ ಹತ್ತಿರ ಪಿನ್ನು ಚುಚ್ಚುತ್ತಿದ್ದಳು. ಅವರು ಕೈ ಎತ್ತಿಕೊಂಡು ಗೋಡೆ ಗಡಿಯಾರ ನೋಡುವವರ ಹಾಗೆ ಅವಳ ಬೈತಲೆ ನೋಡುತ್ತಿದ್ದರು. ಅದು ಅವಳಿಗೆ ಗೊತ್ತಾಗುತ್ತಿತ್ತು. ಗೊತ್ತಾಗಿದೆ ಅಂತ ಅವರಿಗೂ ಗೊತ್ತಿತ್ತು. ಇಬ್ಬರೂ ಬೆಕ್ಕಿನ ವಿಷಯ ಮಾತಾಡುತ್ತಿದ್ದರು.

"ಆ ಬೆಕ್ಕುಗಳಿಗೆ ಬಾರದ ಕಾಯಿಲೆ ಇಲ್ಲ ನೋಡು," ಅಂತ ಒಳಗಿಂದ ಚಿಕ್ಕಮ್ಮ.

ಎಡಗಡೆ ತೋಳೂ ಮುಗಿದು ಬಲಗಡೆಯದು ಮಾತ್ರ ಉಳಿದಿದ್ದ ಭಾನುವಾರ. ಡಾಕ್ಟರು ಚಪ್ಪಲಿ ಮೆಟ್ಟಿಕೊಂಡವರು ಮತ್ತೆ ತಿರುಗಿ ನಿಂತರು.

"ಇದು ಮುಗಿದ ದಿನ ನಿಮ್ಮ ಹತ್ರ ಒಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

"ಇಲ್ಲ. ಹಾಕ್ಕೊಂಡು ನಿಂತು ಹೇಳ್ತೀನಿ. ಈ ಜೋಲು ಅಂಗಿಯಲ್ಲಿ ಹೇಳಿದ್ರೆ ನೀವು ನಗ್ತೀರಿ."

ಮುಂದಿನ ಮೂರು ದಿನ ಅವಳು ಹೆಣೆದ ರೀತಿ ನೋಡಬೇಕಿತ್ತು. ಕಡ್ಡಿಗಳು ಚಟಚಟ ಅಂತಿದ್ದವು, ಬಾಯಲ್ಲಿ ಏನೋ ಗುನುಗು. ಬುಧವಾರದ ಹೊತ್ತಿಗೆ ತೋಳು ಮೊಣಕೈ ದಾಟಿತ್ತು. ಗುರುವಾರ ಕಿಲಾಡಿಯ ಹುಳದ ಮಾತ್ರೆ ಕೊಡಲಿಕ್ಕೆ ಕಾಂಪೌಂಡರು ಬಂದ.

"ಡಾಕ್ಟ್ರು ವಿಷಯ ಹೇಳಿದ್ರಾ ಅಕ್ಕಾ?"

"ಏನು?"

"ಟ್ರಾನ್ಸ್‌ಫರ್. ದೂರದ ದೊಡ್ಡ ಆಸ್ಪತ್ರೆಗೆ ಕರೀತಿದಾರೆ. ಯಾರಿಗೂ ಹೇಳಬೇಡ, ಸಮಯ ನೋಡಿ ನಾನೇ ಎಲ್ಲರಿಗೂ ಹೇಳ್ತೀನಿ ಅಂದಿದಾರೆ."

ಓಹೋ, ಇದಾ ಆ ಮಾತು! ಹೊಸ ಸ್ವೆಟರ್ ಹಾಕಿಕೊಂಡು ನಿಂತು, ಹೋಗಿ ಬರ್ತೀನಿ ಅನ್ನೋದಕ್ಕಾ ಇಷ್ಟು ಪೀಠಿಕೆ! ತಾನು ಮೂರು ದಿನದಿಂದ ಗುನುಗಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಆದರೆ ಸಿಟ್ಟು ಎಷ್ಟು ಹೊತ್ತು ನಿಲ್ಲುತ್ತೆ? ಸಂಜೆಯ ಹೊತ್ತಿಗೆ ಒಂದೇ ಭಯ ಉಳಿದಿತ್ತು. ಈ ತೋಳು ಮುಗಿದರೆ ಅವರು ಹೋಗುತ್ತಾರೆ.

ಶನಿವಾರ ಮಧ್ಯಾಹ್ನ ಚಿಕ್ಕಮ್ಮನ ಗೊರಕೆ ಶುರುವಾದ ಮೇಲೆ ಅವಳು ಕಡ್ಡಿ ಎಳೆದು, ನೂಲಿನ ತುದಿ ಹಿಡಿದು ಬಿಚ್ಚತೊಡಗಿದಳು. ಸಾಲಿಗೆ ಸಾಲು ಸರಸರ ಬಂತು. ಮೊಣಕೈ ಹತ್ತಿರ ನಿಲ್ಲಿಸಿ, ಕುಣಿಕೆಗಳನ್ನೆಲ್ಲ ಮತ್ತೆ ಕಡ್ಡಿಗೆ ಏರಿಸಿದಳು. ಹೆಣೆಯುವವಳ ಕೈ ನೋಡಿ, ಸುಳ್ಳು ಕೆಲಸವನ್ನೂ ನೀಟಾಗಿ ಮಾಡಿತು.

"ಬೆಕ್ಕು ಬಿಚ್ಚಿಹಾಕಿಬಿಡ್ತು ಡಾಕ್ಟ್ರೇ," ಅಂದಳು ಭಾನುವಾರ.

ಅವರು ಕಡ್ಡಿ ಮೇಲಿನ ತೋಳನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿದರು. "ಯಾವುದು? ಸಾಹುಕಾರನಾ, ಕಿಲಾಡಿಯಾ?"

"ಸಾಹುಕಾರ."

"ಹೌದಾ," ಅಂದರು. ಅಷ್ಟೇ.

ಮುಂದಿನ ವಾರ ಕಿಲಾಡಿಯ ಮೇಲೆ ಬಂತು ಅಪವಾದ. ಡಾಕ್ಟರು ಆ ವಾರ ಬೆಕ್ಕುಗಳನ್ನು ಮುಟ್ಟಲೂ ಇಲ್ಲ, ಗಡಿಯಾರವನ್ನು ನಿಜವಾಗಲೂ ನೋಡಿದರು.

ಬಿಚ್ಚಿದ ನೂಲು ಸೊಟ್ಟಸೊಟ್ಟ ಆಗಿರುತ್ತೆ. ಅದನ್ನು ಲಡಿ ಸುತ್ತಿ, ತೊಳೆದು, ಕೆಳಗೆ ಭಾರ ಕಟ್ಟಿ ಒಣಗಿಸಿದರೇ ಮತ್ತೆ ಹೆಣೆಯಲಿಕ್ಕೆ ಬರೋದು. ಹಿತ್ತಲ ಹಗ್ಗದ ಮೇಲೆ ಬೂದು ಲಡಿ ತೊಟ್ಟಿಕ್ಕುತ್ತಿದ್ದದ್ದು ಚಿಕ್ಕಮ್ಮನ ಕಣ್ಣಿಗೆ ಬಿತ್ತು.

"ಏನೇ ಇದು? ಬೆಕ್ಕು ಬಿಚ್ಚಿದ ನೂಲನ್ನ ಬೆಕ್ಕೇ ತೊಳೆದು ಒಣಗೋಕೆ ಹಾಕಿತಾ?"

ಉಲ್ಲನ್ ಅಕ್ಕ ಲಡಿಗೆ ಕಟ್ಟಿದ ಭಾರ ಸರಿಮಾಡಿದಳು.

"ಕಾಂಪೌಂಡರು ಹೇಳಿದ್ದು ನನಗೂ ಕೇಳಿಸ್ತು. ಬಾಯಿ ಬಿಟ್ಟು ಕೇಳಬಾರದೇನೇ, ಹೋಗ್ತೀರಾ ಇರ್ತೀರಾ ಅಂತ?"

"ಕೇಳಿದ್ರೆ ಹೇಳಿಬಿಡ್ತಾರೆ ಚಿಕ್ಕಮ್ಮ," ಅಂದಳು ಅವಳು. ಚಿಕ್ಕಮ್ಮನಂಥ ಚಿಕ್ಕಮ್ಮನೂ ಮಂಡಿ ಹಿಡಿದುಕೊಂಡು ಒಳಗೆ ಹೋದಳು.

ಮೂರನೇ ಭಾನುವಾರ ಮತ್ತೆ ಸಾಹುಕಾರನ ಹೆಸರು ಹೇಳಿದಳು. ಡಾಕ್ಟರು ಕೂರಲಿಲ್ಲ. ಟೀ ತಂದಿಟ್ಟರೆ, "ಬೇಡ, ಕೆಲಸ ಇದೆ," ಅಂತ ಹೊರಟೇಬಿಟ್ಟರು. ಆಮೇಲೆ ಎರಡು ಭಾನುವಾರ ಬರಲೇ ಇಲ್ಲ. ಅವಳು ನೀಲಿ ಸೀರೆ ಉಟ್ಟು ಕಿಟಕಿ ಹತ್ತಿರ ಕೂತಿದ್ದಳು, ಎರಡೂ ಸಲ.

ಆ ವಾರ ಫೋನ್ ಬಂತು. "ಬರೋ ಗುರುವಾರ ಹೊರಡ್ತಿದೀನಿ. ಸ್ವೆಟರ್ ಹೇಗಿದೆಯೋ ಹಾಗೆ ಇರಲಿ, ತೊಂದರೆ ತಗೋಬೇಡಿ. ಬುಧವಾರ ಬೆಕ್ಕುಗಳ ಔಷಧಿ ಚೀಟಿ ಕೊಟ್ಟು ಹೋಗ್ತೀನಿ."

ಇನ್ನು ಯಾವುದನ್ನು ತಡೆಯಲಿಕ್ಕೆ ಬಿಚ್ಚಬೇಕು? ನಾಲ್ಕು ದಿನದಲ್ಲಿ ತೋಳು ಮುಗಿಸಿದಳು. ಬಲಗಡೆ ಅರ್ಧ ಇಂಚು ಹೆಚ್ಚು ಬಿಡುವುದನ್ನು ಮರೆಯಲಿಲ್ಲ.

ಬುಧವಾರ ಮಧ್ಯಾಹ್ನ ಡಾಕ್ಟರು ಬಂದಾಗ ಸ್ವೆಟರ್ ಮಡಿಸಿ ಕುರ್ಚಿಯ ಮೇಲೆ ಇಟ್ಟಿತ್ತು. ಅವರು ಅದನ್ನು ನೋಡಿದ ರೀತಿಗೆ ಅವಳೇ ಹೆದರಿದಳು.

"ಮುಗಿಸಿಬಿಟ್ರಾ?"

"ಹಾಕಿ ನೋಡಿ."

ಹಾಕಿಕೊಂಡರು. ಭುಜದ ಹೊಲಿಗೆ ಭುಜದ ಮೇಲೇ ಕೂತಿತು. ಸೊಂಟದ ಹತ್ತಿರ ಸೊಂಟದಷ್ಟೇ. ತೋಳಿನ ಅಂಚು ಎರಡೂ ಮಣಿಕಟ್ಟಿಗೆ ಸರಿಸಮ. ಜೋಲು ಅಂಗಿಯೊಳಗೆ ಇಷ್ಟು ದಿನ ಅಡಗಿಕೊಂಡಿದ್ದ ಗಂಡಸು ಹೊರಗೆ ಬಂದು ನಿಂತಂತಿತ್ತು. ಅವಳು ಒಂದು ಸಲ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದಳು.

"ಮಾತು ಹೇಳೋದಿದೆ ಅಂದಿದ್ರಲ್ಲ, ಹೇಳಿ," ಅಂದಳು. "ನನಗೆ ಗೊತ್ತು. ಆದರೂ ನಿಮ್ಮ ಬಾಯಲ್ಲೇ ಹೇಳಿಬಿಡಿ."

"ಗೊತ್ತು ಅಂತ ನನಗೂ ಗೊತ್ತಾಯ್ತು. ಅದಕ್ಕೇ ಅಲ್ವಾ ಬಿಚ್ಚಿದ್ದು?"

ಅವಳು ಬೆಚ್ಚಿದಳು.

"ಹದಿನಾಲ್ಕು ವರ್ಷದಿಂದ ಬೆಕ್ಕು ನೋಡ್ತಿದೀನಿ," ಅಂದರು ಡಾಕ್ಟರು ಮೆಲ್ಲಗೆ. "ಬೆಕ್ಕು ಎಳೆದರೆ ಹೇಗಿರುತ್ತೆ ಅಂತ ನನ್ನ ಹಳೇ ಸ್ವೆಟರೇ ಇದೆ, ನೀವೂ ನೋಡಿದೀರಿ. ನಿಮ್ಮ ತೋಳಿನಲ್ಲಿ ಒಂದು ಉಗುರಿನ ಗುರುತಿಲ್ಲ. ಮೂರು ಸಲವೂ ಸರಿಯಾಗಿ ಮೊಣಕೈಗೇ ನಿಂತಿದೆ. ಯಾವ ಬೆಕ್ಕಿಗೆ ಅಳತೆ ಬರುತ್ತೆ?"

"ನಾನೇ ಬಿಚ್ಚಿದ್ದು."

"ಗೊತ್ತು. ನಾನು ಕೇಳೋದು ನಿಮಗೆ ಇಷ್ಟ ಇಲ್ಲ, ಮುಖಕ್ಕೆ ಹೊಡೆದ ಹಾಗೆ ಹೇಳೋಕೂ ಮನಸ್ಸಿಲ್ಲ ಅಂತ ಅರ್ಥ ಮಾಡ್ಕೊಂಡೆ."

"ಕೇಳೋದಾ? ಏನು ಕೇಳೋದು? ನೀವು ಊರು ಬಿಡೋ ಮಾತು ಹೇಳೋದಿತ್ತಲ್ಲ!"

ಡಾಕ್ಟರು ಅವಳನ್ನೇ ನೋಡಿದರು. "ಆವತ್ತು ನಾನು ಟ್ರಾನ್ಸ್‌ಫರ್ ಒಪ್ಪಿರಲಿಲ್ಲ. ನೀವು ಹೂಂ ಅಂದ್ರೆ ಬೇಡ ಅಂತ ಬರೆಯೋನಿದ್ದೆ. ಕಾಗದ ಜೇಬಲ್ಲೇ ಇತ್ತು." ಸ್ವೆಟರಿನ ತೋಳು ಸರಿಮಾಡಿಕೊಂಡು, "ನನ್ನನ್ನ ಮದುವೆ ಆಗ್ತೀರಾ ಅಂತ ಕೇಳೋದಿತ್ತು," ಅಂದರು.

ಕಿಲಾಡಿ ಕಿಟಕಿಯಿಂದ ಧೊಪ್ಪನೆ ಹಾರಿ ಒಳಗೆ ಹೋಯಿತು. ಉಲ್ಲನ್ ಅಕ್ಕ ಕುರ್ಚಿಯ ತೋಳು ಹಿಡಿದು ಕೂತಳು. ನಗು ಬಂತು ಅವಳಿಗೆ. ಅಂಥ ಕೆಟ್ಟ ನಗು ಜೀವಮಾನದಲ್ಲಿ ನಕ್ಕಿರಲಿಲ್ಲ.

"ಇದು ಮುಗಿದರೆ ನೀವು ಹೊರಟುಹೋಗ್ತೀರಿ ಅಂತ ಬಿಚ್ಚಿದೆ ಡಾಕ್ಟ್ರೇ. ನೀವು ಹೋಗಬಾರದು ಅಂತ. ಇನ್ನೊಂದು ಭಾನುವಾರ ಬರಲಿ ಅಂತ."

ಅವರ ಮುಖದ ರಕ್ತ ಇಳಿಯಿತು. ಆಮೇಲೆ ಉಳಿದದ್ದನ್ನೂ ಹೇಳಿದರು. ಟೀ ಕುಡಿಯದೆ ಹೋದ ಆ ಭಾನುವಾರವೇ ತಮ್ಮ ಅಕ್ಕನಿಗೆ ಫೋನ್ ಮಾಡಿ, ನೀನು ಯಾರನ್ನ ನೋಡಿದ್ರೂ ಸರಿ ಅಂದುಬಿಟ್ಟಿದ್ದರು. ಅಕ್ಕ ಕಾದು ಕೂತವಳು. ಗೆಳತಿಯ ನಾದಿನಿ, ಶಾಲೆಯಲ್ಲಿ ಟೀಚರ್, ಮೂವತ್ತೆಂಟಾದರೂ ಮದುವೆಯಾಗಿರಲಿಲ್ಲ. ಹೋದ ವಾರ ಮಾತಾಯಿತು. ಮುಂದಿನ ತಿಂಗಳು ಮದುವೆ.

"ಹೇಗಿದಾರೆ?" ಅಂದಳು. ಯಾಕೆ ಕೇಳಿದಳೋ.

"ಒಳ್ಳೆಯವರು. ಎರಡು ಸಲ ಮಾತಾಡಿದ್ವಿ. ಎಲ್ಲರಿಗೂ ಹೇಳಿಕೊಂಡು ಓಡಾಡ್ತಿದಾರಂತೆ." ಅವರು ಒಂದು ಹೆಜ್ಜೆ ಮುಂದೆ ಬಂದರು. "ನೀವು ಒಂದು ಮಾತು ಹೇಳಿ. ಈಗಲೂ ಫೋನ್ ಮಾಡ್ತೀನಿ. ಈಗಲೇ."

ಅಯ್ಯೋ, ಆ ಒಂದು ಮಾತು ಅವಳ ನಾಲಿಗೆ ತುದಿಯಲ್ಲೇ ಇತ್ತು! ಬೇಕು ಅಂತ ಮೈಯೆಲ್ಲ ಕೂಗುತ್ತಿತ್ತು. ಆದರೆ ಎಲ್ಲೋ ಒಬ್ಬಳು ಟೀಚರ್, ಸ್ಟಾಫ್ ರೂಮಿನಲ್ಲಿ, ಅಂತೂ ನನಗೂ ಆಯ್ತು ಅಂತ ನಗುತ್ತಿರುವುದು ಕಣ್ಣಿಗೆ ಕಟ್ಟಿತು. ಅವಳನ್ನು ಕಂಡರೆ ಹೊಟ್ಟೆ ಉರಿಯಬೇಕಿತ್ತು. ಉರಿಯಿತು ಕೂಡ. ಆದರೂ ಆ ನಗು ಕಣ್ಣಿನಿಂದ ಹೋಗಲಿಲ್ಲ.

"ಫೋನ್ ಮಾಡಿ ಏನಂತ ಹೇಳ್ತೀರಿ ಡಾಕ್ಟ್ರೇ?" ಅಂದಳು. "ಬೆಕ್ಕು ಬಿಚ್ಚಿಬಿಡ್ತು ಅಂತೀರಾ?"

ಅವರು ಸ್ವೆಟರಿನ ಅಂಚು ಹಿಡಿದು ತೆಗೆಯಲು ಹೋದರು.

"ಬೇಡ, ಹಾಕ್ಕೊಂಡೇ ಹೋಗಿ. ನಿಮ್ಮ ಅಳತೆದು. ಇನ್ಯಾರ ಮೈಗೂ ಆಗಲ್ಲ."

ಬೆಕ್ಕುಗಳ ಚೀಟಿಯನ್ನು ಮೇಜಿನ ಮೇಲಿಟ್ಟು ಅವರು ಹೋದರು. ಗೇಟಿನ ಹತ್ತಿರ ತಿರುಗಲಿಲ್ಲ. ತಿರುಗಿದ್ದರೆ ಅವಳು ಓಡಿಬಿಡುತ್ತಿದ್ದಳು, ಟೀಚರೂ ಇಲ್ಲ, ಯಾರೂ ಇಲ್ಲ.

"ಮುಗೀತೇನೇ?" ಒಳಗಿಂದ ಚಿಕ್ಕಮ್ಮ ಕೇಳಿದಳು.

"ಮುಗೀತು."

"ಸರಿಯಾಗಿ ಕೂತಿತಾ?"

"ಒಂದು ನೂಲೂ ಹೆಚ್ಚು ಕಮ್ಮಿ ಇಲ್ಲ ಚಿಕ್ಕಮ್ಮ," ಅಂದವಳು, ಸೆರಗನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಬುಟ್ಟಿಯ ತಳದಲ್ಲಿ ಒಂದು ಮುಷ್ಟಿಯಷ್ಟು ಬೂದು ಉಂಡೆ ಉಳಿದಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಅದನ್ನು ತೆಗೆದು, ಎದುರಿಗೆ ಬಿಸಿಲಲ್ಲಿ ಬಿದ್ದುಕೊಂಡಿದ್ದ ಸಾಹುಕಾರನ ಮೂಗಿನ ಮುಂದೆ ಉರುಳಿಸಿದಳು.

"ಎಳೆಯೋ. ಒಂದು ಸಲನಾದ್ರೂ ಎಳಿ. ನಾನು ಹೇಳಿದ್ದು ನಿಜ ಅಂತ ಆಗಲಿ."

ಸಾಹುಕಾರ ಉಂಡೆಯನ್ನು ಮೂಸಿ ನೋಡಿದ. ಆಮೇಲೆ ಅದರ ಮೇಲೆ ತಲೆಯಿಟ್ಟು ಮಲಗಿದ.