ಉಡಿಗೆ ಬಿದ್ದ ಬಿದಿರು

"ಬೇರಿದ್ದದ್ದನ್ನ ಉಡಿಯಾಗ ಹಾಕಿಸ್ಕೋಬ್ಯಾಡವಾ ಅರುಣಾ," ಎಂದು ಅತ್ತೆ ಚನ್ನಬಸಮ್ಮ ಕಿವಿಯ ಹತ್ತಿರ ಬಂದು ಉಸುರಿದಾಗ ಅರುಣಾ ನಕ್ಕುಬಿಟ್ಟಳು. ನಗಬಾರದಿತ್ತು. ಆದರೆ ಮೈಸೂರಿನಲ್ಲಿ ಹುಟ್ಟಿ, ಸಸ್ಯಶಾಸ್ತ್ರ ಓದಿ, ಬಳ್ಳಾರಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡಲು ಐದು ವರ್ಷದ ಮಗಳನ್ನು ಕರೆದುಕೊಂಡು ಗಂಡನ ಊರಿಗೆ ಬಂದು ಇನ್ನೂ ವರ್ಷ ತುಂಬದ ಸೊಸೆಯನ್ನು ಗಿಡ ತೋರಿಸಿ ಹೆದರಿಸಹೋದರೆ ಅವಳಾದರೂ ಇನ್ನೇನು ಮಾಡಿಯಾಳು?

ಸಿರುಗುಪ್ಪದ ನೆಂಟರ ಮನೆ. ಊಟ ಮುಗಿದು ಹೊರಡುವ ಹೊತ್ತು. ಆ ಸೀಮೆಯಲ್ಲಿ ಮನೆಗೆ ಬಂದ ಮುತ್ತೈದೆಯನ್ನು ಬರಿ ಉಡಿಯಲ್ಲಿ ಕಳಿಸುವುದಿಲ್ಲ. ಗಂಡ ಹಂಪೇಶನ ದೊಡ್ಡಪ್ಪನ ಸೊಸೆ ರೇಣುಕಾ ಅವಳನ್ನು ಮಣೆಯ ಮೇಲೆ ಕೂರಿಸಿ, ಚಾಚಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು ಹಾಕಿದಳು. ಆಮೇಲೆ ಗೂಡಿನಲ್ಲಿದ್ದ ಗಾಜಿನ ಬಟ್ಟಲಿನಿಂದ ಲಕ್ಕಿ ಬ್ಯಾಂಬೂವನ್ನು ಮೇಲೆತ್ತಿದಳು. ಕೆಂಪು ದಾರದಲ್ಲಿ ಕಟ್ಟಿದ ಹಸಿರು ಕಡ್ಡಿಗಳು. ಕೆಳಗೆ ನೀರು ತೊಟ್ಟಿಕ್ಕುವ ಕೆಂಪನೆಯ ಬೇರು.

"ಉಡಿಗೆ ಒಣಗಿದ್ದೇ ಬೀಳ್ಬೇಕು," ಚನ್ನಬಸಮ್ಮ ಈಗ ಸೊಸೆಯ ತೋಳು ಹಿಡಿದಿದ್ದಳು. "ಬೇರಿದ್ದದ್ದು ಬಿದ್ರ ಅದು ಕೂಸಿಗೆ ಬೇರು ಬಿಡ್ತೈತಿ. ನಮ್ಮ ಕುರುಗೋಡಿನಾಗ ಕಣ್ಣಾರೆ ನೋಡೀನಿ ನಾ. ಬಿದ್ದ ಮ್ಯಾಲ ವಾಪಸ್ ಕೊಡಾಕ ಬರಂಗಿಲ್ಲ. ಏಳು."

"ಅತ್ತೆ, ಇದು ಬಿದಿರೇ ಅಲ್ಲ. ಡ್ರಸೀನಾ ಅಂತ ಬೇರೆ ಜಾತಿ. ಹೆಸರೇ ಸುಳ್ಳು ಇರೋವಾಗ ಮಾಟ ಎಲ್ಲಿಂದ ನಿಜ ಆಗುತ್ತೆ? ಹಾಕಿ ರೇಣುಕಾ."

ರೇಣುಕಾ ಹಾಕಿದಳು. ಹಾಕಿ, ಕೆಂಡ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು. ಬೆಳಗಿನಿಂದ ಮೂಲೆಯ ಚಾಪೆಯ ಮೇಲೆ ನೀರಿನ ಬಾಟಲಿ ಅವುಚಿಕೊಂಡು ಮಲಗಿದ್ದ ಅವಳ ಮಗ ಶರಣ ಎದ್ದು ಕೂತ. ಬಾಟಲಿಯನ್ನು ಪಕ್ಕಕ್ಕೆ ಇಟ್ಟ. "ಅವ್ವಾ, ಹಸಿವಾಗೈತಿ," ಎಂದ. ರೇಣುಕಾ ಅವನನ್ನು ತಬ್ಬಿಕೊಂಡು ಅತ್ತಳು. ಬೀಳ್ಕೊಡುವಾಗ ಹೆಂಗಸರು ಅಳುವುದುಂಟು ಎಂದುಕೊಂಡು ಅರುಣಾ ಒದ್ದೆ ಸೆರಗು ಹಿಡಿದು ಕಾರು ಹತ್ತಿದಳು. 

ಬಳ್ಳಾರಿಯ ಸತ್ಯನಾರಾಯಣಪೇಟೆಯ ತಮ್ಮ ಮನೆಯಲ್ಲಿ ಆ ಗಿಡಕ್ಕೆ ರಾಜೋಪಚಾರ. ನಲ್ಲಿಯ ನೀರಿನ ಕ್ಲೋರಿನ್‌ಗೆ ಎಲೆ ಹಳದಿಯಾಗುತ್ತದೆಂದು ಅರುಣಾ ನೀರನ್ನು ಒಂದು ದಿನ ತೆರೆದಿಟ್ಟು, ಆಮೇಲೆ ಹೊಯ್ಯುತ್ತಿದ್ದಳು. ಬಳ್ಳಾರಿಯ ಬಿಸಿಲು ನೇರವಾಗಿ ತಾಗದಂತೆ ಪರದೆಯ ಹಿಂದೆ ಇಟ್ಟಿದ್ದಳು. ವಾರಕ್ಕೊಮ್ಮೆ ಕಲ್ಲು ತೊಳೆದು, ಗಾಜು ಉಜ್ಜಿ, ಹೊಸ ನೀರು. ಗಿಡ ದಷ್ಟಪುಷ್ಟವಾಗಿ ಬೆಳೆಯಿತು. ಎಲೆಗಳು ಎಣ್ಣೆ ಸವರಿದ ಹಾಗೆ ಮಿಂಚುತ್ತಿದ್ದವು. ಬೆಳಗ್ಗೆ ತುಂಬಿಸಿದ ನೀರು ಸಂಜೆಗೆ ಕಲ್ಲಿನ ಮಟ್ಟಕ್ಕೆ ಇಳಿದಿರುತ್ತಿತ್ತು.

"ಬೇಸಿಗೆ," ಎಂದಳು ಅರುಣಾ. ಮಗಳು ಸಿಂಚನಾ ಆಟ ಬಿಟ್ಟು ಬಿಟ್ಟು ಬಂದು ನೀರು ಕೇಳತೊಡಗಿದಾಗಲೂ ಅದನ್ನೇ ಅಂದಳು. ಬಳ್ಳಾರಿಯಲ್ಲಿ ಬೇಸಿಗೆಯ ತಲೆಗೆ ಕಟ್ಟಲಾಗದ ತಪ್ಪು ಯಾವುದಿದೆ? ಆದರೆ ಐದು ವರ್ಷದ ಹುಡುಗಿ ಎಷ್ಟು ಕುಡಿದರೂ ತುಟಿ ಬಿರಿಯುತ್ತಿತ್ತು. ಕೆನ್ನೆ ಒಳಗೆ ಹೋಯಿತು. ಡಾಕ್ಟರು ರಕ್ತ ನೋಡಿದರು, ಸಕ್ಕರೆ ನೋಡಿದರು, ಎಲ್ಲ ಸರಿಯಿದೆ ಎಂದು ಉಪ್ಪು-ಸಕ್ಕರೆಯ ನೀರು ಬರೆದುಕೊಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು ಅಷ್ಟೆ. ಒಂದು ದಿನ ಮಗು ಬಿದ್ದು ಮೊಣಕಾಲು ತರಚಿಕೊಂಡು ಬಾಯಿ ತೆರೆದು ಅತ್ತಿತು. ಕಣ್ಣಿನಿಂದ ಒಂದು ಹನಿಯೂ ಬರಲಿಲ್ಲ. ಆವತ್ತು ಅರುಣಾ ಮೊದಲ ಸಲ ಹೆದರಿದಳು. ಆದರೂ ಅತ್ತೆಯನ್ನು ಕೇಳಲು ಹೋಗಲಿಲ್ಲ, ಅರುಣಾಳ ಹಟ ಅಂಥದ್ದು.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ಕಾವು ಒಳಗೆ ಬರಬಾರದೆಂದು ಪರದೆಗಳನ್ನೆಲ್ಲ ಎಳೆದಿದ್ದರು. ಹಂಪೇಶ್ ಕಾರ್ಖಾನೆಗೆ ಹೋಗಿದ್ದ. ಫ್ಯಾನು ನಿಂತ ಮೇಲೆ ಕತ್ತಲ ಕೋಣೆಯಲ್ಲಿ ಬಳಸದೆ ಬಿಟ್ಟ ಬಾವಿಯ ಪಾಚಿಯ ವಾಸನೆ ಮೂಗಿಗೆ ಅಡರಿತು. ಅದರ ಹಿಂದೆಯೇ ಒಂದು ಸದ್ದು. ಗುಟುಕ್. ಸ್ವಲ್ಪ ತಡೆದು ಮತ್ತೆ, ಗುಟುಕ್. ಯಾರೋ ಸಾವಕಾಶವಾಗಿ ನೀರು ಕುಡಿಯುತ್ತಿದ್ದರು. ಸಿಂಚನಾ ಹಾಸಿಗೆಯಲ್ಲಿ ನಿದ್ದೆಯಲ್ಲಿದ್ದಳು. ಬಾಯಿ ಮುಚ್ಚಿತ್ತು. ಸದ್ದು ಬರುತ್ತಿದ್ದದ್ದು ಕಿಟಕಿಯ ಕಡೆಯಿಂದ. ಒಂದೊಂದು ಗುಟುಕಿಗೂ ಮಗುವಿನ ಗಂಟಲ ಗುಳಿ ಒಳಕ್ಕೆ ಸೇದಿಕೊಳ್ಳುತ್ತಿತ್ತು.

ಅರುಣಾ ಗಿಡವನ್ನು ಕಿತ್ತಳು. ಬೇರು ಕಲ್ಲುಗಳನ್ನು ಬಿಡಲೊಲ್ಲದು. ಎಳೆದಳು. ಮಾಳಿಗೆಗೆ ಓಡಿ ಕಾದ ಕಾಂಕ್ರೀಟಿನ ಮೇಲೆ ಬಿಸಾಕಿದಳು. "ಒಣಗಿ ಸಾಯಿ," ಎಂದಳು.

ಕೆಳಗಿನಿಂದ ಚನ್ನಬಸಮ್ಮ ಚೀರಿದಳು.

ಮಗು ಹಾಸಿಗೆಯ ಮೇಲೆ ಬಿಲ್ಲಿನಂತೆ ಬಾಗಿತ್ತು. ನಾಲಿಗೆ ಅಂಗುಳಕ್ಕೆ ಅಂಟಿ ಸ್ವರ ಹೊರಡುತ್ತಿರಲಿಲ್ಲ. ಕೈಯ ಚರ್ಮ ಸುಕ್ಕುಗಟ್ಟುತ್ತಿತ್ತು, ನೋಡನೋಡುತ್ತಲೇ. ಅರುಣಾ ಮತ್ತೆ ಮಾಳಿಗೆಗೆ ಓಡಿದಳು. ಬರಿ ಕೈಯಲ್ಲಿ ಗಿಡ ಬಾಚಿಕೊಂಡಳು. ಸಿಕ್ಕ ಬಿಂದಿಗೆಯಲ್ಲೇ ಅದ್ದಿದಳು. ಒಳಗೆ ಮಗು ಉಸಿರೆಳೆದುಕೊಂಡಿತು. ಅವಳು ಓದಿದ್ದೆಲ್ಲ ಆ ಬಿಂದಿಗೆಯ ಪಕ್ಕದಲ್ಲೇ ಕುಸಿದು ಕೂತಿತು.

ರೇಣುಕಾಳಿಗೆ ಫೋನು ಮಾಡಿ, ಈ ಗಿಡ ಎಲ್ಲಿಂದ ಬಂತು ಎಂದು ಕೇಳಿದಳು. 

"ನನಗೂ ಒಬ್ಬಾಕಿ ಉಡಿ ತುಂಬಿದ್ಲು ಅಕ್ಕಾ," ಎಂದಳು ರೇಣುಕಾ. "ಯಾರು ಮಾಡಿಸಿದ ಮಾಟನೋ, ಯಾರ ಮ್ಯಾಲಿನ ಹಗೀನೋ, ಯಾರಿಗೂ ಗೊತ್ತಿಲ್ಲ. ಉಡಿಯಿಂದ ಉಡಿಗೆ ದಾಟಿ ಬರ್ತೈತಿ. ನನ್ನ ಶರಣ ಸಾಯಾಕ ಬಿದ್ದಿದ್ದ. ನೀವಾಗಿದ್ರ ಏನ್ ಮಾಡ್ತಿದ್ರಿ?"

ಅರುಣಾಳಿಗೆ ಬೈಗುಳ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಪಡಸಾಲೆಯಲ್ಲಿ ಅತ್ತೆಯ ದನಿ ಕೇಳಿಸಿತು, ಎಂದೂ ಇಲ್ಲದಷ್ಟು ಮೆತ್ತಗೆ.

"ಬಾರವಾ ಸೌಂದರ್ಯ. ಶುಕ್ರವಾರ ಐತಿ, ಉಡಿ ತುಂಬಿಸ್ಕೊಂಡು ಹೋಗು."

ಸೌಂದರ್ಯ ಪಕ್ಕದ ಮನೆಯ ಎಳೆಯ ಸೊಸೆ. ಮೊಸರಿಗೆ ಹೆಪ್ಪು ಕೇಳಲು ಬಂದವಳು, ಸೊಂಟದ ಮೇಲೆ ಅವಳ ಹಾಲುಗಲ್ಲದ ಕೂಸು. ಅದರ ಜೊಲ್ಲಿಗೆ ಅವಳ ಹೆಗಲೆಲ್ಲ ಒದ್ದೆ. ಅವಳು ನಗುತ್ತ ಮಣೆಯ ಮೇಲೆ ಕೂತು ಸೆರಗು ಚಾಚಿದ್ದಳು. ಚನ್ನಬಸಮ್ಮ ಅಕ್ಕಿಯ ತಟ್ಟೆ ಹಿಡಿದು ಬಂದು ಸೊಸೆಯನ್ನು ಅಡುಗೆಮನೆಯ ಬಾಗಿಲಿಗೆ ಎಳೆದಳು.

"ನಿನ್ನ ಕೈಯಿಂದಾನೇ ಹಾಕ್ಬೇಕು. ಹಾಕು."

"ಅತ್ತೆ, ಆ ಕೂಸು..."

"ನನ್ನ ಮೊಮ್ಮಗಳು ಮೊದಲು. ಪಾಪ ಬಂದ್ರ ನನಗ ಬರ್ಲಿ."

"ಬೇರೆ ದಾರಿ ಇಲ್ವಾ?"

ಚನ್ನಬಸಮ್ಮ ಮುಖ ತಿರುಗಿಸಿದಳು. "ತನ್ನ ಉಡಿ ತಾನೇ ತುಂಬಿಕೊಂಡ್ರ ಅದು ಕೂಸಿನ್ನ ಬಿಟ್ಟು ತುಂಬ್ಕೊಂಡಾಕಿಗೇ ಬೇರು ಬಿಡ್ತೈತಿ ಅಂತಾರ. ಮುಂದ ದಾಟೂದಿಲ್ಲ. ಅಂಥಾ ಹುಚ್ಚಿನ್ನ ನಾ ಎಲ್ಲೂ ನೋಡಿಲ್ಲ. ಕುರುಗೋಡಿನಾಗ ಹೆತ್ತಾಕಿ ಕೂತು ಅತ್ಲು. ಕೂಸು ಹೋತು."

ಅರುಣಾ ಗಿಡ ಎತ್ತಿಕೊಂಡಳು. ಪಡಸಾಲೆಗೆ ಬಂದಳು. ಸೌಂದರ್ಯಳ ಸೆರಗು ಹಾಗೇ ಚಾಚಿತ್ತು. ಕೂಸು ಹಲ್ಲಿಲ್ಲದ ಬಾಯಿ ತೆರೆದು ಗಿಡದತ್ತ ಕೈ ಚಾಚಿತು. ಒಳಗೆ ಸಿಂಚನಾ ನೀರು ಕೇಳಿದಳು. ಸ್ವರ ಮರಳಿನ ಮೇಲೆ ಕಾಲೆಳೆದಂತಿತ್ತು. ಒಂದು ಕ್ಷಣ, ಸುಳ್ಳು ಹೇಳುವುದೇಕೆ, ಅರುಣಾಳ ಕೈ ಆ ಸೆರಗಿನ ಮೇಲಕ್ಕೆ ಹೋಗಿತ್ತು. ಬೇರಿನಿಂದ ಒಂದು ಹನಿ ತೊಟ್ಟಿಕ್ಕಿತು.

"ಎದ್ದೇಳು ಸೌಂದರ್ಯ. ಮನೆಗೆ ಹೋಗು."

"ಯಾಕ್ರಿ ಅಕ್ಕಾ?"

"ಹೋಗು ಅಂದೆ."

ಹುಡುಗಿ ಹೆದರಿ ಎದ್ದಳು. ಅರುಣಾ ಅದೇ ಮಣೆಯ ಮೇಲೆ ಕೂತಳು. ತನ್ನ ಸೆರಗು ತಾನೇ ಹರಡಿದಳು. "ಬ್ಯಾಡವಾ," ಎಂದಳು ಚನ್ನಬಸಮ್ಮ. ಅದೇ ಮಾತು, ಅದೇ ದನಿ. ಈ ಸಲ ಅರುಣಾ ನಗಲಿಲ್ಲ. ಅಕ್ಕಿ ಸುರಿದುಕೊಂಡಳು. ಉತ್ತತ್ತಿ, ಕೊಬ್ಬರಿ. ಅದರ ಮೇಲೆ ಗಿಡ.

"ಬಾ. ನನ್ನಲ್ಲಿ ಬಿಡು ನಿನ್ನ ಬೇರು."

ತಣ್ಣಗಾಯಿತು. ಹೊಟ್ಟೆಯ ಮೇಲೆ ಏನೋ ಹರಿದಾಡಿತು. ಸೀರೆ ದಾಟಿತು. ಚರ್ಮ ದಾಟಿತು. ಬಾಯಿ ಆರಿತು. ಕಣ್ಣು ಉರಿಯಿತು. ಕೂಗಲು ನಾಲಿಗೆ ಏಳಲಿಲ್ಲ. ಕಿವಿಯೊಳಗೇ ಸದ್ದು. ಗುಟುಕ್. ಗುಟುಕ್. ಅವಳು ಸೆರಗು ಬಿಡಲಿಲ್ಲ. ಹಲ್ಲು ಕಚ್ಚಿ ಎರಡೂ ಕೈಯಲ್ಲಿ ಅದುಮಿ ಹಿಡಿದಳು.

ಒಳಗಿನಿಂದ ಸಿಂಚನಾ ಅಳುತ್ತ ಬಂದಳು. ಅಜ್ಜಿ ಅವಳ ಮುಖ ತಡವಿ ನೋಡಿದಳು. ಎರಡೂ ಕೆನ್ನೆ ಒದ್ದೆಯಾಗಿದ್ದವು.

ಈಗ ಮಳೆಗಾಲ ಕಳೆದಿದೆ. ಸಿಂಚನಾ ಶಾಲೆಗೆ ಹೋಗುತ್ತಾಳೆ, ನೀರಿನ ಬಾಟಲಿಯನ್ನು ಅರ್ಧ ಹಾಗೇ ವಾಪಸು ತಂದು ಅಜ್ಜಿಯ ಹತ್ತಿರ ಬೈಸಿಕೊಳ್ಳುತ್ತಾಳೆ. ಅರುಣಾ ಪಾಠದ ನಡುವೆ ನಿಂತು ನಿಂತು ನೀರು ಕುಡಿಯುತ್ತಾಳೆ. ಬಳ್ಳಾರಿಯ ಸೆಕೆಯಲ್ಲೂ ಅವಳಿಗೆ ಬೆವರಿಲ್ಲ. ತಾಯಿ ತೀರಿಕೊಂಡಾಗಲೂ ಕಣ್ಣೀರು ಬರಲಿಲ್ಲ, ಮೈಸೂರಿನ ನೆಂಟರು ಕಲ್ಲೆದೆಯವಳು ಎಂದು ಆಡಿಕೊಂಡರು. ಹೊಟ್ಟೆಯ ಚರ್ಮದ ಕೆಳಗೆ ಕೆಂಪನೆಯ ಎಳೆಗಳು ಹಬ್ಬುತ್ತಿವೆ. ಹಂಪೇಶ್ ಒಮ್ಮೆ ನೋಡಿ ಮುಖ ಮುಚ್ಚಿಕೊಂಡು ಕೂತ. ಅವನನ್ನು ಅವಳೇ ಸಮಾಧಾನ ಮಾಡಬೇಕಾಯಿತು.

ಗಿಡ ಕಿಟಕಿಯಲ್ಲೇ ಇದೆ. ಬಂದವರೆಲ್ಲ ಕಣ್ಣರಳಿಸಿ, ಎಷ್ಟು ಚೆಂದ ಬೆಳಸೀರಿ, ನಮಗೂ ಒಂದು ಕಡ್ಡಿ ಕೊಡ್ರಿ ಎನ್ನುತ್ತಾರೆ. ಅರುಣಾ ಕೊಡುವುದಿಲ್ಲ. ಜಿಪುಣಿ ಎಂಬ ಹೆಸರೂ ಬಂದಿದೆ.

ದಿನಾ ಬೆಳಗ್ಗೆ ಅವಳು ತೆರೆದಿಟ್ಟ ನೀರನ್ನು ಗಾಜಿನ ಬಟ್ಟಲಿಗೆ ಹೊಯ್ಯುತ್ತಾಳೆ. ತನಗೊಂದು ದೊಡ್ಡ ಚೊಂಬು ತುಂಬಿಸಿಕೊಂಡು ಅದರ ಎದುರಿಗೆ ಕುರ್ಚಿ ಎಳೆದು ಕೂರುತ್ತಾಳೆ.

"ಕುಡಿ," ಎನ್ನುತ್ತಾಳೆ. "ನಾನೂ ಕುಡೀತೀನಿ. ಮೊದಲು ಯಾರು ಸಾಕು ಅಂತಾರೋ ನೋಡೇಬಿಡೋಣ."